ಹೊಲಿಗೆ ಟೀಚರ ಹತ್ತು ನಿಮಿಷ

ಅನಘಾ, ಶ್ರೀಪಾದ,

ಹೋದ ವಾರ ನೀವಿಬ್ಬರೂ ಶಿರಸಿಗೆ ಬಂದಿದ್ದಾಗ, ಅನಘಾ ಜಗುಲಿಯಲ್ಲಿ ದೊಡ್ಡ ಹಾಳೆ ಹರಡಿಕೊಂಡು ದಪ್ಪ ಪೆನ್ನಿನಲ್ಲಿ ಏನೋ ಬರೆಯುತ್ತಿದ್ದಳು. ಆ ಪೆನ್ನಿನ ವಾಸನೆ ಅಡುಗೆಮನೆಯವರೆಗೂ ಬಂತು. ಸ್ಪಿರಿಟ್ಟಿನಂಥ, ಮೂಗಿನ ತುದಿಗೆ ಚುಚ್ಚುವ ವಾಸನೆ. ಆಮೇಲೆ ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಅಜ್ಜಿ, ಸೇಲ್ಸ್ ಕೆಲ್ಸದ ಇಂಟರ್‌ವ್ಯೂ. ನೀನೇ ಗಿರಾಕಿ ಹೇಳಿ ತಿಳ್ಕ" ಎಂದು ಹತ್ತು ನಿಮಿಷ ಮಾತಾಡಿದಳು. ಹ್ಯಾಂಗಾತು ಎಂದು ಕೇಳಿದಾಗ "ಚೊಲೋ ಆತು ಮಗಾ" ಎಂದು ಎದ್ದು ಒಳಗೆ ಹೋಗಿಬಿಟ್ಟೆ. ಅಜ್ಜಿಗೆ ತಲೆಬುಡ ತಿಳಿಯಲಿಲ್ಲ ಎಂದು ನೀವು ನಕ್ಕಿರಿ. ಹಾಗಲ್ಲ... ಅದೇ ಪ್ರಶ್ನೆಯನ್ನು ಬಹಳ ಹಿಂದೆ ಇನ್ನೊಬ್ಬರು ನನಗೆ ಕೇಳಿದ್ದರು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆಗ ಯಲ್ಲಾಪುರದಲ್ಲಿದ್ದೆವು. ನಿಮ್ಮ ಅಜ್ಜ ಮರದ ಡಿಪೋದಲ್ಲಿ ಗುಮಾಸ್ತರು. ಮಕ್ಕಳು ಓದಲು ಬೇರೆ ಊರಿನಲ್ಲಿದ್ದರು, ಮನೆಯಲ್ಲಿ ನಾವಿಬ್ಬರೇ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೆದ್ದಾರಿಗೆ ಹತ್ತಿರದ ಬಾಡಿಗೆ ಮನೆ, ಲಾರಿ ಹೋದರೆ ಪಾತ್ರೆ ಕಪಾಟು ಗಲಗಲ ಎನ್ನುತ್ತಿತ್ತು. ನಮ್ಮ ಪಕ್ಕದ ಕಟ್ಟಡದಲ್ಲಿ ಹೊಲಿಗೆ ಕ್ಲಾಸು. ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ, ಹಿಂದಿನ ಕೋಣೆಯಲ್ಲಿ ಟೀಚರ ಸಂಸಾರ. ಸಂಸಾರ ಎಂದರೆ ಅವರೊಬ್ಬರೇ. ಮದುವೆಯಾಗಿರಲಿಲ್ಲ. ನನಗಿಂತ ಎಂಟು ವರ್ಷ ದೊಡ್ಡವರು.

ನಾನು ಏಳನೇ ಇಯತ್ತೆಯವರೆಗೆ ಹಳ್ಳಿ ಶಾಲೆಯಲ್ಲಿ ಓದಿದವಳು. ಪೇಟೆಯ ಹೆಂಗಸರೆದುರು ನಾಲಿಗೆ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ತೊಗರಿಬೇಳೆ ಕೇಳಲೂ ನಿಮ್ಮ ಅಜ್ಜನೇ ಬೇಕಿತ್ತು. ಟೀಚರು ಮಾತ್ರ ಗೋಡೆಯಾಚೆಯಿಂದ "ಎಂತ ತಂಗೀ, ಇವತ್ತೂ ಮೌನವ್ರತನಾ?" ಎಂದು ಕೂಗಿ, ನಾನು ಉತ್ತರ ಕೊಡದಿದ್ದರೂ ತಾವೇ ಮಾತು ಮುಂದುವರಿಸುತ್ತಿದ್ದರು. ರವಿಕೆಯ ತೋಳು ಕೂರಿಸುವುದನ್ನು ನನಗೆ ಕಲಿಸಿದ್ದು ಅವರೇ. ಮೂರು ಸಲ ಬಿಚ್ಚಿಸಿ ಹೊಲಿಸಿದ್ದರು.

ಪೇಟೆಯಲ್ಲಿ ಸಿದ್ಧ ಉಡುಪಿನ ಅಂಗಡಿಗಳು ಹೆಚ್ಚಿದವು. ಹುಡುಗಿಯರು ಕಂಪ್ಯೂಟರ್ ಕ್ಲಾಸಿನ ಕಡೆ ಹೋದರು. ಕಡೆಗೆ ಕಟ್ಟಡದ ಯಜಮಾನರು ಅಲ್ಲಿ ಎಸ್‌ಟಿಡಿ ಬೂತು ಮಾಡುತ್ತೇವೆ, ಯುಗಾದಿಯೊಳಗೆ ಬಿಟ್ಟುಕೊಡಿ ಎಂದರು. ಟೀಚರಿಗೆ ಉಳಿದಿದ್ದು ಸಿದ್ದಾಪುರದ ಕಡೆಯ ತ್ಯಾಗಲಿ ಊರಿನಲ್ಲಿದ್ದ ಅಣ್ಣನ ಮನೆ.

"ಅಲ್ಲಿ ಅನ್ನಕ್ಕೆ ಕಡಿಮೆ ಇಲ್ಲೆ" ಎಂದಿದ್ದರು ಒಮ್ಮೆ. "ಅತ್ತಿಗೆ ಕೆಟ್ಟವ್ಳೂ ಅಲ್ಲ. ಆದ್ರೆ ಚಿಲಕ ಹಾಕ್ಯಂಡು ಕೂರಲೆ ಎನಗೆ ಹೇಳಿ ಒಂದು ಕೋಣೆ ಇಲ್ಲೆ ತಂಗಿ. ಯಾರ ಮಕ್ಕ ಅತ್ರೂ ಎತ್ಗಳವ್ಳು ಆನೇ."

ಅಷ್ಟರಲ್ಲಿ ಹೊಲಿಗೆ ಯಂತ್ರದ ಕಂಪನಿಯೊಂದರಿಂದ ಪತ್ರ ಬಂತು. ಊರೂರು ತಿರುಗಿ ಯಂತ್ರ ತೋರಿಸಿ ಮಾರುವ ಕೆಲಸ. ಸಂದರ್ಶನ ಹುಬ್ಬಳ್ಳಿಯಲ್ಲಿ. ಹತ್ತು ನಿಮಿಷದ ಪ್ರೆಸೆಂಟೇಶನ್ ಕೊಡಬೇಕು ಎಂದಿತ್ತು. ಆ ಮಾತು ನಮಗಿಬ್ಬರಿಗೂ ಹೊಸತು. ನಿಮ್ಮ ಅಜ್ಜ ಪತ್ರ ಓದಿ, "ಬರೆಯೋ ಪರೀಕ್ಷೆ ಅಲ್ಲ. ಅವ್ರನ್ನೇ ಗಿರಾಕಿ ಹೇಳಿ ತಿಳ್ಕಂಡು, ಮಾತಾಡಿ ಮಾರಿ ತೋರ್ಸವು" ಎಂದು ವಿವರಿಸಿದರು.

ಟೀಚರು ಚಾರ್ಟ್ ಹಾಳೆ ತಂದರು, ದಪ್ಪ ಪೆನ್ನು ತಂದರು. ಯಂತ್ರದ ಚಿತ್ರ ಬರೆದು ಒಂದೊಂದು ಭಾಗಕ್ಕೂ ಬಾಣದ ಗುರುತು ಹಾಕಿದರು. ಮಧ್ಯಾಹ್ನದ ಊಟ ಮುಗಿದ ಮೇಲೆ ನಾನು ಗಿರಾಕಿಯಾಗಿ ಮಣೆಯ ಮೇಲೆ ಕೂರುವುದು, ಅವರು ಸೆರಗು ಸಿಕ್ಕಿಸಿಕೊಂಡು ನಿಲ್ಲುವುದು. ಸೂಜಿ, ಬಾಬಿನ್, ಪೆಡಲು ಎಂದು ಅವರು ಬಡಬಡನೆ ಹೇಳಿ ಮುಗಿಸುತ್ತಿದ್ದರು. ಗಡಿಯಾರ ನೋಡಿದರೆ ಎಂಟೇ ನಿಮಿಷ ಆಗಿರುತ್ತಿತ್ತು. ನಾನು ದಿನವೂ ಚೊಲೋ ಆತು ಎನ್ನುತ್ತಿದ್ದೆ.

ನಾಲ್ಕನೆಯ ದಿನ ಅವರಿಗೆ ಸಿಟ್ಟು ಬಂತು. "ಚೊಲೋ ಆತು, ಚೊಲೋ ಆತು! ನೀ ಎಂತ ಗಿಳಿನಾ? ಖರೆ ಹೇಳು. ನೀನಾಗಿದ್ರೆ ತಗತ್ತಿದ್ಯಾ?"

ನಾನು ತಲೆ ತಗ್ಗಿಸಿ, ತೆಗೆದುಕೊಳ್ಳುತ್ತಿರಲಿಲ್ಲ ಎಂದೆ. ಏಕೆ ಎಂದು ಕೇಳಿದರು. ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. "ನಿಂಗ ಬಂದ ಕೂಡ್ಲೆ ಯಂತ್ರ ಯಂತ್ರ ಹೇಳ್ತ್ರಿ. ಎನಗೆ ಹೆದ್ರಿಕೆ ಆಗ್ತು. ಮನೆಗೆ ಬಂದವ್ಕೆ ನಾವು ಮೊದ್ಲು ಆಸ್ರಿ ಕೇಳ್ತಿಲ್ಯಾ? ಯಾವೂರು, ಎಂತ ಸುದ್ದಿ ಹೇಳಿ ಕೇಳ್ತಿಲ್ಯಾ? ಅದೆಲ್ಲ ಆದ್ಮೇಲಲ್ದಾ ಬಂದ ಕೆಲ್ಸ?"

ನಿಮಗೆ ಗೊತ್ತು, ನಮ್ಮ ಕಡೆ ಬಂದವರಿಗೆ ಬಾಯಾರಿಕೆಗೆ ಏನು ಬೇಕೆಂದು ಕೇಳದೆ ಯಾವ ಮಾತೂ ಶುರುವಾಗುವುದಿಲ್ಲ. ಬಂದ ಕೆಲಸ ಮೊದಲೇ ಹೇಳಿದವರನ್ನು ಅವಸರದವರು ಎನ್ನುತ್ತೇವೆ. ನನಗೆ ಗೊತ್ತಿದ್ದ ಜಗತ್ತು ಅಷ್ಟೇ.

ಟೀಚರು ಚಾರ್ಟು ಕೆಳಗಿಟ್ಟರು. ಆಮೇಲೆ ಚಪ್ಪಾಳೆ ತಟ್ಟಿ ನಕ್ಕರು. "ಮೌನಗೌರಿ ಬಾಯಿ ಬಿಟ್ಟತು! ನೀ ಹೇಳಿದ್ದೇ ಖರೆ ಮಾರಾಯ್ತಿ. ಗಿರಾಕಿ ಹೇಳಿದ್ರೆ ನೆಂಟರೇ ಅಲ್ದಾ!"

ಅಂದು ನನಗೆ ಎಷ್ಟು ಹಿಗ್ಗಾಯಿತು ಎಂದರೆ... ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಮಾತು ಕೇಳಿ ಅದರಂತೆ ನಡೆಯುತ್ತೇನೆ ಎಂದಿದ್ದರು. ಸಂದರ್ಶನದ ಬೆಳಿಗ್ಗೆ ನಾನೇ ಮುರುಗಲು ಹಣ್ಣಿನ ಶರಬತ್ತು ಮಾಡಿ ಫ್ಲಾಸ್ಕಿಗೆ ತುಂಬಿಸಿಕೊಟ್ಟೆ. ನಾಲ್ಕು ಸ್ಟೀಲ್ ಲೋಟಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಅವರು ಹಸಿರು ಅಂಚಿನ ಸೀರೆ ಉಟ್ಟು, ಚಾರ್ಟಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಸಂಜೆ ಬಂದವರು ನೇರ ನಮ್ಮ ಅಡುಗೆಮನೆಗೇ ಬಂದು ನೆಲದ ಮೇಲೆ ಕುಳಿತರು. ಫ್ಲಾಸ್ಕು ಖಾಲಿ.

"ಎರಡೆರಡು ಲೋಟ ಕುಡದ್ವು ಮಾರಾಯ್ತಿ" ಎಂದರು.

ಅಲ್ಲಿ ಮೂವರು ಕುಳಿತಿದ್ದರಂತೆ, ಹುಬ್ಬಳ್ಳಿ ಕಡೆಯವರು. ಟೀಚರು ಅವರಿಗೆ ಶರಬತ್ತು ಕೊಟ್ಟು, ಒಬ್ಬೊಬ್ಬರ ಊರು ಕೇಳಿದರು, ಮನೆಯಲ್ಲಿ ಹೊಲಿಯುವವರು ಯಾರು ಎಂದು ಕೇಳಿದರು. ಒಬ್ಬರ ತಾಯಿ ಕೌದಿ ಹೊಲಿಯುತ್ತಿದ್ದರಂತೆ. ಆ ಸುದ್ದಿ ಬೆಳೆಯಿತು. ಎಲ್ಲರೂ ಸಂತೋಷದಲ್ಲೇ ಇದ್ದರು. ಟೀಚರು ಚಾರ್ಟಿನ ದಾರ ಬಿಚ್ಚುವ ಹೊತ್ತಿಗೆ ಹತ್ತು ನಿಮಿಷ ಮುಗಿಯಿತು ಎಂದು ಮೇಜಿನ ಮೇಲಿನ ಗಂಟೆ ಬಾರಿಸಿದರು.

"ಶರಬತ್ತು ಭಾಳ ಛಲೋ ಐತ್ರಿ ಅಕ್ಕಾರ. ಆದ್ರ ಮಷೀನ್ ಎಲ್ಲೈತ್ರಿ?" ಎಂದು ಒಬ್ಬರು ಕೇಳಿದರಂತೆ. ಟೀಚರು ಅವರ ದನಿಯನ್ನೇ ಅನುಕರಿಸಿ ಹೇಳಿ ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡರು. ಇನ್ನೆರಡು ನಿಮಿಷ ಕೊಡಿ ಎಂದು ಕೇಳಿದರೆ, ಹೊರಗೆ ಇನ್ನೂ ಹದಿನೈದು ಜನ ಇದ್ದಾರೆ ಎಂದರಂತೆ. ಇಪ್ಪತ್ತು ವರ್ಷ ಯಂತ್ರದ ಮುಂದೆ ಕುಳಿತವರು, ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವವರು... ಅವರಿಗೆ ಎಷ್ಟು ಗೊತ್ತಿದೆ ಎಂದು ಆ ಮೂವರಿಗೆ ಕಡೆಗೂ ತಿಳಿಯಲಿಲ್ಲ.

ನನ್ನಿಂದಲೇ ಹೀಗಾಯಿತು ಎಂದೆ. "ಥೋ, ಸುಮ್ನಿರು. ನೀ ಹೇಳಿದ್ದು ತಪ್ಪಲ್ಲ. ಅಲ್ಲಿ ಟೈಮ್ ಇಲ್ಲೆ ಅಷ್ಟೆ" ಎಂದು ನನ್ನ ಮಾತು ತಡೆದರು. ಆಮೇಲೆ ಆ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ, ಮಾತು ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಯುಗಾದಿಗೆ ಮೂರು ದಿನ ಮೊದಲು ಯಂತ್ರಗಳನ್ನು ಯಾರೋ ಕೊಂಡುಹೋದರು. ಟೀಚರು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಹೊರಟರು. ನಾನು ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಅವರು ಕಿಟಕಿಯ ಪಕ್ಕ ಕುಳಿತು ಕೆಳಗೆ ನಿಂತ ನನ್ನ ಕೈ ಹಿಡಿದುಕೊಂಡರು.

"ಎಂತಾರೂ ಮಾತಾಡೇ ತಂಗಿ. ಬಸ್ ಹೊರಡ್ತು."

ನನ್ನ ಬಾಯಲ್ಲಿ ಒಂದು ಮಾತು ಇತ್ತು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಿಮ್ಮ ಅಜ್ಜನ ಸೈಕಲ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಒಂದು ಮಂಚ, ಒಂದು ಯಂತ್ರ ಹಿಡಿಸುವಷ್ಟು ಜಾಗ. ಬಾಗಿಲಿಗೆ ಚಿಲಕವೂ ಇತ್ತು. ನಮ್ಮನೆಗೇ ಬನ್ನಿ ಎನ್ನಬೇಕೆಂದು ಹಿಂದಿನ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಒಮ್ಮೆ ಬಾಯಿ ಬಿಟ್ಟು ಅವರ ಕೆಲಸ ಕಳೆದವಳು, ಮತ್ತೇನು ಕೆಡಿಸುತ್ತೇನೋ ಎನಿಸಿತು. ಗಂಡನನ್ನು ಕೇಳಿರಲಿಲ್ಲ ಎಂಬ ಅಂಜಿಕೆ ಬೇರೆ. ಬಸ್ಸು ಹೊರಟಿತು. ಅವರ ಕೈಯಲ್ಲಿದ್ದ ನನ್ನ ಕೈ ಅದಾಗಿಯೇ ಕಳಚಿತು.

ಎಷ್ಟೋ ದಿನಗಳ ಮೇಲೆ ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಊಟ ನಿಲ್ಲಿಸಿ ನನ್ನ ಮುಖ ನೋಡಿದರು. "ಕೇಳಿದ್ರೆ ಆನು ಬ್ಯಾಡ ಹೇಳ್ತಿದ್ನನೇ? ಸೈಕಲ್ ಹೊರಗೆ ನಿಲ್ಸಿದ್ರೆ ಆಗ್ತಿತ್ತು" ಎಂದರು. ಪತ್ರ ಬರೆದು ಕರೆಸು ಎಂದರು. ಬರೆಯಲು ಕುಳಿತೆ. ಕ್ಷೇಮ ಸಮಾಚಾರ ಕೇಳಿ ಮುಗಿಸುವಷ್ಟರಲ್ಲಿ ಕಾಗದ ತುಂಬುತ್ತಿತ್ತು, ಮುಖ್ಯ ಮಾತು ಉಳಿದೇ ಹೋಗುತ್ತಿತ್ತು. ನಾಳೆ ಬರೆದರಾಯಿತು ಎನ್ನುತ್ತ ಎರಡು ವರ್ಷ ಕಳೆಯಿತು. ಮೂರನೆಯ ವರ್ಷ ಸಿದ್ದಾಪುರದಲ್ಲಿ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಪಕ್ಕದವರು ಮಾತಿನ ನಡುವೆ ಹೇಳಿದರು, ತ್ಯಾಗಲಿಯ ಹೊಲಿಗೆ ಟೀಚರು ಜ್ವರ ಬಂದು ತೀರಿಕೊಂಡರು ಎಂದು. ಎಲೆ ಬಿಟ್ಟು ಏಳಲೂ ನನಗೆ ಧೈರ್ಯವಾಗಲಿಲ್ಲ. ಬಡಿಸಿದ್ದನ್ನೆಲ್ಲ ಉಂಡೆ.

ಈಗ ನಿಮ್ಮ ಅಜ್ಜನೂ ಇಲ್ಲ. ಆ ಕೋಣೆ ಖಾಲಿ ಇತ್ತು ಎಂದು ಬಲ್ಲವಳು ನಾನೊಬ್ಬಳೇ. ಟೀಚರ ಫೋಟೋ ಕೂಡ ನನ್ನ ಬಳಿ ಇಲ್ಲ. ಬನ್ನಿ ಎಂಬ ಆ ಒಂದು ಮಾತನ್ನು ಅವರಿಗೆ ಹೇಳಲಾರದೆ, ಇಷ್ಟು ವರ್ಷದ ಮೇಲೆ ನಿಮಗೆ ಬರೆದಿದ್ದೇನೆ. ಅಕ್ಷರ ಸೊಟ್ಟಗಿದೆ, ಓದಿಕೊಳ್ಳಿ. ಓದಿದ ಮೇಲೆ ಈ ಹಾಳೆಗಳನ್ನು ರದ್ದಿಯವನಿಗೆ ಹಾಕಬೇಡಿ ಮಕ್ಕಳೇ, ನಿಮ್ಮ ಹತ್ತಿರ ಎಲ್ಲಾದರೂ ಅವಕ್ಕೆ ಒಂದಿಷ್ಟು ಜಾಗ ಕೊಡಿ.