ಕಾರ್ಡಿನಲ್ಲಿಲ್ಲದ ಅವ್ವ

ಯರಗಟ್ಟಿಯ ಖಾನಾವಳಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ರೊಟ್ಟಿ ಬಡಿಯುತ್ತಿರುವ ಕೃಷ್ಣವ್ವ ಸುಳ್ಳೇ ಹೇಳದ ಸಾಧ್ವಿಯೇನಲ್ಲ. ರೊಟ್ಟಿ ಹರಿದರೆ ಹಿಟ್ಟಿನ ತಪ್ಪು ಎನ್ನುತ್ತಾಳೆ. ಹೊಟ್ಟೆನೋವಿಗೆ ವಾಯು ಎಂದು ಹೆಸರಿಟ್ಟು ಎರಡು ವರ್ಷ ದಿನ ದೂಡಿದ್ದೂ ಅವಳೇ. ಕೊನೆಗೆ ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಶನ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗ ಅವಳಿಗಿಂತ ಹೆಚ್ಚು ಹೆದರಿದ್ದು ಮಗಳು ಪ್ರಜ್ಞಾ.

ಪ್ರಜ್ಞಾ ಬೆಳಗಾವಿಯ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತಾಳೆ. ಅಲ್ಲಿಯ ಆರೋಗ್ಯ ವಿಮೆ ನೌಕರರ ತಂದೆ-ತಾಯಿಗೂ ಸಿಗುತ್ತದೆ. ಆದರೆ ವಿಮೆಯ ಕಾರ್ಡಿನಲ್ಲಿ ತಾಯಿ ಎಂದಿರುವುದು ಶಟ್ಟೆವ್ವನ ಹೆಸರು. ಶಟ್ಟೆವ್ವ ಕೃಷ್ಣವ್ವನ ತಂಗಿ, ಮುರಗೋಡಕ್ಕೆ ಮದುವೆಯಾಗಿ ಹೋದವಳು. ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು ತನ್ನ ಮೂರನೆಯ ಕೂಸಾದ ಪ್ರಜ್ಞಾಳನ್ನು ತಿಂಗಳು ತುಂಬುವ ಮೊದಲೇ ಅಕ್ಕನ ಉಡಿಯಲ್ಲಿ ಹಾಕಿದ್ದಳು. ಐದು ಮಂದಿ ಹಿರಿಯರು ಕೂತರು, ಸಕ್ಕರೆ ಹಂಚಿದರು, ಅಲ್ಲಿಗೆ ಮುಗಿಯಿತು. ಅಕ್ಕ-ತಂಗಿಯರ ನಡುವೆ ಕಾಗದ ಮಾಡಿಸಿರಿ ಎಂದಿದ್ದರೆ ಆ ಹಿರಿಯರು ಬೈದೇ ಕಳಿಸುತ್ತಿದ್ದರು. ಜನನ ಪ್ರಮಾಣಪತ್ರದಲ್ಲಿದ್ದ ಹೆಸರೇ ಶಾಲೆಗೆ ಹೋಯಿತು, ಅಲ್ಲಿಂದ ಆಧಾರಿಗೆ, ಆಧಾರಿನಿಂದ ವಿಮೆಗೆ. ಹೊತ್ತು ತಿರುಗಿ ಸಾಕಿದವಳು ಕಾಗದದ ಲೆಕ್ಕದಲ್ಲಿ ಬರೀ ದೊಡ್ಡವ್ವ. ದೊಡ್ಡವ್ವನಿಗೆ ವಿಮೆ ಇಲ್ಲ.

ಉಪಾಯ ಹೇಳಿದವಳು ಶಟ್ಟೆವ್ವನೇ. "ಯಕ್ಕಾ, ನನ್ನ ಹೆಸರ್ಲೆ ಹೋಗಿ ಆಪರೇಶನ್ ಮಾಡಿಸ್ಕೊ. ನಮ್ಮಿಬ್ಬರ ಮಾರಿ ಒಂದ ಐತಿ. ಆಧಾರ್ ಫೋಟೋದಾಗಂತೂ ನನ್ನ ಗುರುತು ನನಗ ಹತ್ತಂಗಿಲ್ಲ."

ಪ್ರಜ್ಞಾಳಿಗೆ ಅಳುಕಿತ್ತು. ಆದರೆ ಸರಕಾರಿ ದವಾಖಾನೆಯಲ್ಲಿ ಪಾಳಿ ಬರಲು ಎರಡು ತಿಂಗಳು. ಗಡ್ಡೆ ಅಲ್ಲಿಯವರೆಗೆ ಸುಮ್ಮನಿದ್ದೀತೆ ಎಂಬ ಚಿಂತೆ ಅಳುಕನ್ನು ನುಂಗಿಹಾಕಿತು. ಬೆಳಗಾವಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವನಿಗೆ ಪಾಠ ಮಾಡಿದಳು: ಹೆಸರು ಶಟ್ಟೆವ್ವ, ಊರು ಮುರಗೋಡ, ವಯಸ್ಸು ಐವತ್ತೊಂದು. ವಯಸ್ಸು ನಾಲ್ಕು ವರ್ಷ ಇಳಿದದ್ದಕ್ಕೆ ಕೃಷ್ಣವ್ವನ ತಕರಾರೇನೂ ಇರಲಿಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಹೆಸರು ಹೇಳಿದಳು, ಊರು ಹೇಳಿದಳು, ವಯಸ್ಸೂ ಹೇಳಿದಳು. ನರ್ಸ್ ಬರೆದುಕೊಳ್ಳುತ್ತಲೇ ಕೇಳಿದಳು, "ಎಷ್ಟ ಮಕ್ಕಳ ಹಡದೀರಿ, ಅಮ್ಮಾ?"

ಇದು ಪಾಠದಲ್ಲಿರಲಿಲ್ಲ. ಮೂರು ಎಂದಿದ್ದರೆ ಸಾಕಿತ್ತು. ಓರಗೆಯ ಹೆಂಗಸರು ಕೂತು ತಮ್ಮ ತಮ್ಮ ಹೆರಿಗೆಯ ಕತೆ ತೆಗೆದಾಗಲೆಲ್ಲ ಕೃಷ್ಣವ್ವ ಒಲೆಯ ನೆಪ ಹೇಳಿ ಎದ್ದು ಹೋಗುತ್ತಿದ್ದಳು. ತಾನೂ ಒಮ್ಮೆ ಹೇಳಬೇಕೆಂಬ ಆಸೆ ಅವಳಿಗೆ ಇಲ್ಲದಿರಲಿಲ್ಲ. ಇವತ್ತು ಕೇಳುವವರಿದ್ದರು, ಕೇಳಿ ಬರೆದುಕೊಳ್ಳಲೂ ತಯಾರಿದ್ದರು. ಪ್ರಜ್ಞಾ ಅವ್ವನ ಮುಖವನ್ನೇ ನೋಡುತ್ತಿದ್ದಳು.

"ನಾ ಹಡದಿಲ್ಲರಿ," ಎಂದಳು ಕೃಷ್ಣವ್ವ. "ನಾ ಶಟ್ಟೆವ್ವ ಅಲ್ಲ. ಆಕಿ ಅಕ್ಕ."

ನರ್ಸ್ ಪೆನ್ನು ಕೆಳಗಿಟ್ಟಳು. ಕೂಗಾಡಲಿಲ್ಲ, ಅದೇ ದೊಡ್ಡ ಪುಣ್ಯ. ಕಾರ್ಡನ್ನು ಪ್ರಜ್ಞಾಳ ಕೈಗೆ ಮರಳಿ ಕೊಟ್ಟು, ಇಂಥದ್ದನ್ನು ಮತ್ತೆ ಮಾಡಬೇಡಿರಿ ಎಂದಷ್ಟೇ ಹೇಳಿ ಕಳಿಸಿದಳು.

ಹೊರಗೆ ಬಂದ ಮೇಲೆ ಪ್ರಜ್ಞಾಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಮೂರು ಅಂದಿದ್ರ ಆಗ್ತಿತ್ತಲ್ಲಬೇ ಯವ್ವಾ. ನಿನಗೇನರ ಆದ್ರ ನಾ ಏನ ಮಾಡ್ಲಿ?"

ಕೃಷ್ಣವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. "ನೀ ಹುಟ್ಟುಮುಂದ ನಾ ಬಾಗಲ ಹೊರಗ ನಿಂತಿದ್ದೆ. ಎರಡ ದಿನ ಆಕಿ ಒದರಿದ್ದು ಕೇಳೇನಿ. ಕೂಸಂತೂ ನಾ ತಗೊಂಡ್ನಿ. ಹಡದದ್ದನ್ನರ ಆಕಿಗೆ ಬಿಡೂಣು."

ಪ್ರಜ್ಞಾ ಅವ್ವನ ಕೈಚೀಲ ಎತ್ತಿಕೊಂಡಳು. ಇಬ್ಬರೂ ಸರಕಾರಿ ದವಾಖಾನೆಗೆ ಪಾಳಿ ಹಚ್ಚಲು ಹೊರಟರು.