ಅಣ್ಣನ ತಲೆಯೊಳಗಿನ ಅಳತೆಗಳು

ನಮ್ಮಣ್ಣ ದರ್ಜಿ. ಗಿರಾಕಿಗಳ ಅಳತೆಯನ್ನು ಒಂದು ದಿನವೂ ಬರೆದಿಟ್ಟವನಲ್ಲ. ಒಮ್ಮೆ ಟೇಪು ಹಿಡಿದರೆ ಸಾಕು, ಭುಜ, ಎದೆ, ತೋಳು ಎಲ್ಲವೂ ತಲೆಯೊಳಗೆ ಭದ್ರ. ಪುಸ್ತಕ ಇಟ್ಟುಕೊಳ್ಳುವ ದರ್ಜಿಗಳೆಂದರೆ ಅವನಿಗೆ ತಾತ್ಸಾರ. ಅದೇ ಅಂಗಡಿಯಲ್ಲಿ ಗುಂಡಿ ಹಚ್ಚುವ ನನಗೂ ಆ ಜಂಬದಲ್ಲಿ ಪಾಲಿತ್ತು.

ಪಾರ್ಶ್ವವಾಯು ಹೊಡೆದಾಗ ಇಡೀ ಬೀದಿಯ ಅಳತೆಗಳು ಆ ತಲೆಯಿಂದ ಹೊರಟುಹೋದವು. ಕೈ ಎರಡು ತಿಂಗಳಲ್ಲಿ ಸರಿಹೋಯಿತು, ನೆನಪು ಮಾತ್ರ ಬರಲಿಲ್ಲ. ಆಸ್ಪತ್ರೆಯವರು ನೋಟುಬುಕ್ಕು ಕೊಟ್ಟು, ಎಲ್ಲವನ್ನೂ ಬರೆದಿಡುವುದನ್ನು ರೂಢಿ ಮಾಡಿಕೊಳ್ಳಿ ಎಂದರು. ಅಣ್ಣ ಅದನ್ನು ಮುಟ್ಟಲಿಲ್ಲ. ಅಂಗಡಿ ಮುಚ್ಚಿಯೇನು, ಬರೆದುಕೊಂಡು ಹೊಲಿಯಲಾರೆ ಎಂದುಬಿಟ್ಟ.

ಆಗ ಒಕ್ಕರಿಸಿದವನು ಅತ್ತಿಗೆಯ ತಮ್ಮ. ಹೋದ ವರ್ಷದವರೆಗೆ ಫ್ಯಾನು ರಿಪೇರಿ ಮಾಡುತ್ತಿದ್ದವನು ಈಗ ಸೊಪ್ಪಿನ ಸಾರದ ಏಜೆಂಟ್, ಮಹಾಪಂಡಿತ. ಅವನ ಬಾಟಲಿಯ ಹಸಿರು ಸಾರ ಪೆಟ್ಟು ತಿಂದ ಮೆದುಳಿನ ನೆನಪನ್ನು ಕಾಪಾಡುತ್ತದಂತೆ. ಸಾಕ್ಷಿ ಕೇಳಿದರೆ, ಎಲ್ಲೋ ಪ್ರಯೋಗಾಲಯದಲ್ಲಿ ಇಲಿಗಳು ಅದನ್ನು ಕುಡಿದು ಮರೆತ ದಾರಿಯನ್ನು ಮತ್ತೆ ಹಿಡಿದವಂತೆ. ಹಿಡಿದಿರಬಹುದು. ಆದರೆ ಯಾವ ಇಲಿ ಕೋಟು ಹೊಲಿದಿತ್ತು? ಈ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು. ದಿನಾ ಬೆಳಗ್ಗೆ ಚಮಚ ಹಿಡಿದು ಕುಡಿಸುತ್ತಿದ್ದ ಹೇಡಿ ನಾನೇ.

ಪಂಡಿತ ಪರೀಕ್ಷೆಯನ್ನೂ ಇಟ್ಟ. ದಿನಕ್ಕೆ ಹತ್ತು ಪ್ರಶ್ನೆ, ಪ್ರತಿದಿನವೂ ಅದೇ ಹತ್ತು. ಅಂಗಡಿ ಬಾಗಿಲ ಬಣ್ಣ ಯಾವುದು, ಎದುರುಮನೆ ಮೇಷ್ಟ್ರ ಸೊಂಟ ಎಷ್ಟು, ಹೀಗೆ. ಮೊದಲ ದಿನ ಅಣ್ಣ ಮೂರಕ್ಕೆ ಉತ್ತರಿಸಿದ. ಉಳಿದವುಗಳ ಉತ್ತರವನ್ನು ಪಂಡಿತನೇ ಹೇಳಿಕೊಟ್ಟ. ತಿಂಗಳು ಕಳೆಯುವಷ್ಟರಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಹತ್ತಕ್ಕೆ ಹತ್ತು. ಅಂಕಪಟ್ಟಿ ಗೋಡೆಗೇರಿತು. ಸಾರದ ಮಹಿಮೆ ನೋಡಲು ಅವನು ಹಳೆಯ ಗಿರಾಕಿಗಳನ್ನೂ ಅಂಗಡಿಗೆ ಕರೆತಂದ.

ಹತ್ತೂ ಉತ್ತರ ಮುಗಿದು ಚಪ್ಪಾಳೆ ಬಿತ್ತು. ಆಗ ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮುಂದೆ ಬಂದಳು.

"ನನ್ನ ತೋಳಿನಳತೆ ಎಷ್ಟು, ಹೇಳಿ ನೋಡೋಣ."

ಮೂವತ್ತು ವರ್ಷ ಅವಳ ಬಟ್ಟೆಯನ್ನೆಲ್ಲ ಹೊಲಿದವನು ಅಣ್ಣನೇ. ಅವನು ಬಾಟಲಿ ನೋಡಿದ, ಗೋಡೆ ನೋಡಿದ. ಈ ಪ್ರಶ್ನೆ ಪಟ್ಟಿಯಲ್ಲಿಲ್ಲ ಎಂದು ಪಂಡಿತ ತಕರಾರು ತೆಗೆದ.

"ನೀನು ಬಾಯಿ ಮುಚ್ಕೊಂಡಿರು," ಎಂದೆ. ತಿಂಗಳಿಂದ ನುಂಗಿಕೊಂಡಿದ್ದ ಮಾತು ಅದು.

ಅಣ್ಣನ ಕಣ್ಣು ತುಂಬಿತ್ತು. ಅಷ್ಟು ಜನರ ಎದುರಿಗೇ ಕೊರಳಿನ ಟೇಪು ತೆಗೆದು ಅತ್ತಿಗೆಯ ಭುಜಕ್ಕೆ ಹಿಡಿದ, ಮಣಿಕಟ್ಟಿನವರೆಗೆ ಎಳೆದ, ಎರಡು ಸಲ ನೋಡಿದ.

"ಇಪ್ಪತ್ತೊಂದೂವರೆ," ಎಂದು ನನ್ನ ಕಡೆ ತಿರುಗಿದ. "ಆ ಪುಸ್ತಕ ತಗೊಂಡ್ ಬಾ. ಬರ್ಕೋ."