ಹಳದಿ ಬಾಗಿಲಿನ ಕೂದಲೆಳೆ ಗೀರು

ಬೆಳಗಿನ ಆರು ಗಂಟೆ. ಲಿಂಗಪೂಜೆ ಮುಗಿಸಿದ ಚನ್ನಮಲ್ಲಪ್ಪ ಹೆಗ್ಗನಹಳ್ಳಿಯ ತಮ್ಮ ತಗಡಿನ ಶೆಡ್ಡಿಗೆ ಬಂದಿದ್ದಾರೆ. ಹಣೆಯ ವಿಭೂತಿಯ ಮೇಲೆ ಒದ್ದೆ ಬಟ್ಟೆಯೊಂದನ್ನು ಬಿಗಿದು ಕಟ್ಟುತ್ತಾರೆ. ಬಗ್ಗಿದಾಗ ವಿಭೂತಿಯ ಒಂದು ಕಣ ಉದುರಿ ಕಾರಿಗೆ ಅಂಟಿಸುವ ಫಿಲ್ಮಿನಡಿ ಸೇರಿದರೂ ಎರಡು ದಿನದ ದುಡಿಮೆ ಹಾಳು. ಇಂದಿನ ಕೆಲಸ ಅಂಟಿಸುವುದಲ್ಲ, ಕೀಳುವುದು. ಆದರೂ ಅಭ್ಯಾಸ ತಪ್ಪಿಲ್ಲ.

ಎದುರಿಗಿರುವುದು ನಾಗಭೂಷಣ್ ಅವರ ಹಳದಿ ಸ್ಪೋರ್ಟ್ಸ್ ಕಾರು. ಭಾನುವಾರ ಚೆನ್ನೈ ಕಡೆಯ ರೇಸ್ ಟ್ರ್ಯಾಕಿನಲ್ಲಿ ಓಡಿ ಬಂದಿದೆ. ಮುಂದಿನ ಕಾರುಗಳು ಚಿಮ್ಮಿಸಿದ ಸಣ್ಣ ಕಲ್ಲು, ಕಾದ ಟಯರಿನ ರಬ್ಬರ್ ಚೂರು ಎಲ್ಲವೂ ಇದರ ಮೂತಿಗೆ ಬಡಿದಿವೆ. ಏಟು ತಿಂದದ್ದು ಬಣ್ಣವಲ್ಲ, ಬಣ್ಣ ಕಾಯಲೆಂದು ಅದರ ಮೇಲೆ ಅಂಟಿಸಿದ ಗಾಜಿನಂಥ ಫಿಲ್ಮು. ಅದನ್ನು ಕಣ್ಣಿಗೆ ಕಾಣದಂತೆ ಅಂಟಿಸುವುದೇ ಐವತ್ತನಾಲ್ಕರ ಚನ್ನಮಲ್ಲಪ್ಪನವರ ಕಸುಬು.

"ಚೆನ್ನಾಗಿ ಮಾಡಿದ್ರೆ ಯಾರಿಗೂ ಕಾಣಲ್ಲ ಸಾರ್. ಕಂಡ್ರೆ ಬೈತಾರೆ. ಇನ್ನು ಹೊಗಳೋದು ಯಾವಾಗ?" ಎಂದು ಮಾತಾಡಿಸಲು ಹೋದ ನಮ್ಮತ್ತ ನೋಡಿ ನಗುತ್ತಾರೆ.

ದಾವಣಗೆರೆ ಕಡೆಯಿಂದ ಬಂದವರು ಮೊದಲು ಮಾಗಡಿ ರಸ್ತೆಯಲ್ಲಿ ಆಟೋಗಳ ಬೆನ್ನಿಗೆ ಸ್ಟಿಕರ್ ಅಕ್ಷರ ಕತ್ತರಿಸುತ್ತಿದ್ದರು. ಎಡಗೈ ಮನುಷ್ಯ. ಬ್ಲೇಡನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಕೊನೆಯಲ್ಲೊಂದು ಸಣ್ಣ ಕೊಂಡಿ ತಿರುವಿ ನಿಲ್ಲಿಸುವುದು ಅಂದಿನಿಂದ ಬಂದ ರೂಢಿ. ಈಗ ತಿಂಗಳಿಗೆ ಐದಾರು ಕಾರು, ದಿನಕ್ಕೆ ಹನ್ನೊಂದು ಗಂಟೆ ಮಂಡಿಯೂರಿ ಕೆಲಸ. ಹೆಂಡತಿ ಜಗದಾಂಬಾ ಪ್ಯಾಂಟಿನ ಮಂಡಿಗೆ ಹಳೆಯ ರಗ್ಗಿನ ತುಂಡು ಹೊಲಿದುಕೊಟ್ಟಿದ್ದಾರೆ.

ಅವರದು ಒಂದೇ ಕಟ್ಟಳೆ: ಕಾರಿನ ಮೇಲೆ ಬ್ಲೇಡ್ ಇಡಕೂಡದು. ಕಾಗದದಲ್ಲಿ ಅಳತೆ ತೆಗೆದು, ಮೊದಲೇ ಕತ್ತರಿಸಿ, ಅಂಟಿಸಿ, ಅಂಚನ್ನು ಒಳಕ್ಕೆ ಮಡಚಬೇಕು. ನಾಲ್ಕು ವರ್ಷ ಇದನ್ನು ಅವರಿಂದ ಕಲಿತ ಶ್ಯಾಮಸುಂದರನಿಗೆ ಇಂದು ಬಸವೇಶ್ವರನಗರದಲ್ಲಿ ಗಾಜಿನ ಗೋಡೆಯ ಸ್ವಂತ ಫಿಲ್ಮ್ ಅಂಗಡಿ. ಬೋರ್ಡಿನ ಮೇಲೆ ಕೈಕಟ್ಟಿ ನಿಂತ ಅವನದೇ ಫೋಟೋ. ಚನ್ನಮಲ್ಲಪ್ಪ ಎರಡು ಕ್ರಾಸ್ ಸುತ್ತಿಕೊಂಡಾದರೂ ಸರಿ, ಆ ರಸ್ತೆಗೆ ಗಾಡಿ ತಿರುಗಿಸುವುದಿಲ್ಲ.

"ಆ ಬೋರ್ಡ್ ನೋಡಿದ ದಿನ ಅನ್ನ ಇಳಿಯಲ್ಲ. ವಿಭೂತಿ ಇಟ್ಕೊಂಡು ಸುಳ್ಳ್ಯಾಕೆ ಹೇಳ್ಲಿ? ಹೊಟ್ಟೆಕಿಚ್ಚು ಸಾರ್."

ತಿಂಡಿಯ ಡಬ್ಬಿ ತಂದ ಜಗದಾಂಬಾ, "ಪೂಜೆಗೆ ಕೂತ್ರೂ ಶಿವನ ಹೆಸರಿಗಿಂತ ಮುಂಚೆ ಅವನ ಹೆಸರೇ ಬರುತ್ತೆ ಇವರ ಬಾಯಲ್ಲಿ!" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಈ ಹಳದಿ ಕಾರಿಗೆ ಮೊದಲು ಫಿಲ್ಮ್ ಅಂಟಿಸಿದವರು ಚನ್ನಮಲ್ಲಪ್ಪನವರೇ. ಹೋದ ವರ್ಷ ಅದನ್ನು ಕೀಳಿಸಿ ಹೊಸದು ಹಾಕಿಸಲು ನಾಗಭೂಷಣ್ ಶ್ಯಾಮಸುಂದರನ ಅಂಗಡಿಗೆ ಹೋದರು. ಈ ಸಲ ಮತ್ತೆ ಇಲ್ಲಿಗೆ ತಂದಿದ್ದಾರೆ. ಅವರ ಗೆಳೆಯರ ಆರು ಕಾರುಗಳೂ ಟ್ರ್ಯಾಕಿಗೆ ಹೊರಡಲಿವೆ. ಅವಕ್ಕೆ ಫಿಲ್ಮ್ ಹಾಕುವ ಕೆಲಸ ಯಾರ ಕೈಗೆ ಎಂಬುದು ಇಂದು ತೀರ್ಮಾನ. ಅದಕ್ಕೇ ನಾಗಭೂಷಣ್ ಶೆಡ್ಡಿನ ಹೊರಗೆ ಕಾದಿದ್ದಾರೆ.

ಬಾಗಿಲ ಫಿಲ್ಮನ್ನು ಬಿಸಿ ಮಾಡಿ ಮೆಲ್ಲಗೆ ಕೀಳುತ್ತಿದ್ದ ಚನ್ನಮಲ್ಲಪ್ಪ ಅಂಚಿನಲ್ಲಿ ತಟ್ಟನೆ ನಿಲ್ಲುತ್ತಾರೆ. ಬಣ್ಣದ ಮೇಲೆ ಕೂದಲೆಳೆಯಂಥ ಗೀರು. ಮುಖ ದೀಪ ಹಚ್ಚಿದಂತಾಗುತ್ತದೆ.

"ನೋಡಿ! ಕಾರಿನ ಮೇಲೇ ಬ್ಲೇಡ್ ಇಟ್ಟವ್ನೆ! ನಾಗಭೂಷಣ್ ಸಾರ್, ಬನ್ನಿ ಇಲ್ಲಿ!"

ಅವರು ಬರುವಷ್ಟರಲ್ಲಿ ಟಾರ್ಚ್ ಹಿಡಿದು ಬಗ್ಗುತ್ತಾರೆ. ಗೀರು ಕೆಳಗಿನಿಂದ ಮೇಲೇರಿದೆ. ಕೊನೆಯಲ್ಲೊಂದು ಸಣ್ಣ ಕೊಂಡಿ. ಎರಡು ವರ್ಷದ ಹಿಂದೆ ಮುಸ್ಸಂಜೆಯ ಅವಸರದಲ್ಲಿ ಅರ್ಧ ಬೆರಳು ಹೆಚ್ಚಾದ ಫಿಲ್ಮನ್ನು ತಾವೇ ಇಲ್ಲಿ ಕತ್ತರಿಸಿದ್ದು ನೆನಪಾಗುತ್ತದೆ.

"ಏನು, ಅವನ ಕೆಲಸನಾ?" ಎಂದು ನಾಗಭೂಷಣ್ ಕೇಳುತ್ತಾರೆ.

ಚನ್ನಮಲ್ಲಪ್ಪ ಟಾರ್ಚ್ ಆರಿಸುತ್ತಾರೆ. "ಅಲ್ಲ ಸಾರ್. ನಂದೇ."

ನಾಗಭೂಷಣ್ ಉಗುರಿನಿಂದ ಗೀರು ಮುಟ್ಟಿ ನೋಡುತ್ತಾರೆ. "ಹಾಗಾದ್ರೆ ಹೋದ ವರ್ಷ ನಿಮ್ಮ ಫಿಲ್ಮ್ ಕೀಳುವಾಗ ಅವನು ನೋಡಿರ್ಬೇಕಲ್ಲ? ನನಗೊಂದು ಮಾತೂ ಹೇಳ್ಲಿಲ್ಲ." ಬಳಿಕ ವಾಚು ನೋಡಿಕೊಂಡು, "ಆರು ಕಾರಿನ ವಿಷಯ ಆಮೇಲೆ ಮಾತಾಡೋಣ" ಎಂದು ಹೊರಡುತ್ತಾರೆ.

ಚನ್ನಮಲ್ಲಪ್ಪ ಬಹಳ ಹೊತ್ತು ಅದೇ ಬಾಗಿಲನ್ನು ಒರೆಸುತ್ತಾರೆ.

"ಅವನು ಬಾಯಿ ಬಿಟ್ಟಿದ್ರೆ ಅವತ್ತೇ ಈ ಶೆಡ್ಡಿಗೆ ಬೀಗ. ಇಷ್ಟು ದಿನ ಅವನ ಅಂಗಡಿ ನೋಡಿ ಉರೀತಿದ್ದೆ. ಈಗ ಅವನ ಗುಣಕ್ಕೂ ಉರೀಬೇಕಾಯ್ತಲ್ಲ ಸಾರ್!"

ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದು, ಹಣೆಯ ಬಟ್ಟೆಯನ್ನು ಮತ್ತೆ ಬಿಗಿದುಕೊಳ್ಳುತ್ತಾರೆ.

"ಶಿವನ ಹತ್ರ ಒಂದೇ ಬೇಡಿಕೆ. ಅವನ ಕೆಲಸದಲ್ಲೂ ಒಂದು ತಪ್ಪು ನನ್ನ ಕಣ್ಣಿಗೇ ಬೀಳ್ಲಿ. ಆಗ ನಾನೂ ಬಾಯಿ ಮುಚ್ಕೊಂಡು ಅದರ ಮೇಲೆ ಫಿಲ್ಮ್ ಎಳೀಬೇಕು."